ಮೋಟಾರ್ ಚಾಚಾನ ಕಿಸೆ

ಅವರ ಅಂಗಿಯ ಎಡಗಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಯಾರದೋ ಹೊಲದ ಬೋರ್ಡಿನಿಂದ ಕಿತ್ತ ಪಿಂಗಾಣಿ ಫ್ಯೂಸುಗಳು ಅದರೊಳಗೆ ಇರುತ್ತಿದ್ದವು. ನಡೆದರೆ ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿದ್ದವು.

ರಾಣೆಬೆನ್ನೂರಿನಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳನ್ನು ರಿಪೇರಿ ಮಾಡುವ ಅಂಗಡಿ ಅವರದು. ಎಲ್ಲರಿಗೂ ಅವರು ಮೋಟಾರ್ ಚಾಚಾ. ಕರೆಂಟಿನ ಕೆಲಸ ಎಲ್ಲೇ ಇರಲಿ, ಮೊದಲು ಫ್ಯೂಸು ಕಿತ್ತು ಕಿಸೆಗೆ ಹಾಕಬೇಕು, ಆಮೇಲೇ ತಂತಿ ಮುಟ್ಟಬೇಕು. “ಕರೆಂಟ್ ತೆಗದೇವಿ ಅಂತಾರಲ್ರಿ, ಆ ಮಾತು ನಂಬಿ ಸತ್ತೋರು ಭಾಳ ಮಂದಿ. ಫ್ಯೂಸ್ ನನ್ನ ಕಿಸೇದಾಗಿದ್ರ ಜೀವಾನೂ ನನ್ನ ಕಿಸೇದಾಗ” ಅನ್ನುತ್ತಿದ್ದರು.

ನಾನು ಅಲ್ಲೇ ಹತ್ತಿರದ ಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ವಸ್ತುಪ್ರದರ್ಶನಕ್ಕೆ ಮಕ್ಕಳು ರಾಕೆಟ್ ಬೇಕೆಂದು ಹಟ ಹಿಡಿದಿದ್ದರು. ಥರ್ಮಾಕೋಲಿನದು ಎರಡು ಸಲ ಮುರಿದುಬಿತ್ತು. ಚಾಚಾನಿಗೆ ಹೇಳಿದೆ. ಅವರು ಗುಜರಿ ರಾಶಿಯಿಂದ ಒಂದು ಸುಟ್ಟ ಮೋಟಾರಿನ ಖಾಲಿ ಕೊಳವೆ ಎಳೆದರು. ಸೊಂಟದೆತ್ತರದ ಉಕ್ಕು, ಒಳಗಿನ ತಾಮ್ರವೆಲ್ಲ ಬಿಚ್ಚಿ ಆಗಿತ್ತು. “ಇದು ಮುನ್ನೂರು ಫೂಟ್ ಭೂಮಿಯೊಳಗ ಇಳದು ಬಂದೈತ್ರಿ ಅಕ್ಕೋರ. ಇನ್ನ ಮ್ಯಾಲ ಹೋಗ್ಲಿ ಬಿಡ್ರಿ” ಅಂದರು. ಮೂತಿಗೆ ಸೀಮೆಎಣ್ಣೆಯ ಲಾಳಿಕೆ ಬಂತು, ರೆಕ್ಕೆಗೆ ಎಣ್ಣೆ ಡಬ್ಬಿಯ ತಗಡು. ಬುಡದಲ್ಲಿ ಬೆಂಕಿಯಂತೆ ಕಾಣಲೆಂದು ಕೆಂಪು ಬಲ್ಬು.

ಪ್ರದರ್ಶನದ ದಿನ ಬಲ್ಬಿಗೆ ತಂತಿ ಎಳೆದು, ಶಾಲೆಯ ಫ್ಯೂಸನ್ನು ಕಿಸೆಯಲ್ಲಿಟ್ಟುಕೊಂಡೇ ಚಾಚಾ ನಮಾಜಿಗೆ ಹೋದರು. ಅತಿಥಿಗಳು ಬರುವ ಹೊತ್ತು, ಫ್ಯಾನು ತಿರುಗುತ್ತಿಲ್ಲ. ಹೆಡ್‌ಮಾಸ್ತರರು ಬೋರ್ಡಿನ ಮುಂದೆ ನಿಂತು, ಫ್ಯೂಸು ಎಲ್ಲಿ ಹೋಯಿತೆಂದು ಕೂಗಾಡಿದರು. ನನಗೂ ಸಿಟ್ಟು ಬಂದಿತ್ತು. ಮುದುಕನಿಗೆ ಅರಳುಮರಳು ಎಂದು ಗೊಣಗುತ್ತಲೇ ರಾಕೆಟ್ಟನ್ನು ತಬ್ಬಿ ಹಿಡಿದು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ.

ಚಾಚಾ ಬಂದವರೇ ರಾಕೆಟ್ಟನ್ನು ಹೊರಳಿಸಿ ತೋರಿಸಿದರು. ತಗಡಿನ ಅಂಚು ತಾಗಿ ತಂತಿಯ ಹೊದಿಕೆ ಸೀಳಿತ್ತು. ಬೋಳು ತಾಮ್ರ ಉಕ್ಕಿಗೇ ಅಂಟಿಕೊಂಡಿತ್ತು. ಫ್ಯೂಸು ಕೈಗೆ ಸಿಕ್ಕಿದ್ದರೆ ಹೆಡ್‌ಮಾಸ್ತರರು ಹಾಕಿಯೇಬಿಡುತ್ತಿದ್ದರು. ನಾನು ಒದ್ದೆ ಬಟ್ಟೆ ಕೆಳಗಿಟ್ಟು ಹಿಂದೆ ಸರಿದೆ. ಚಾಚಾ ನನ್ನ ಮುಖ ನೋಡಿ ಮೆಲ್ಲಗೆ, “ನಿಮಗ ಕಿಸೆ ಇಲ್ಲಲ್ರಿ ಅಕ್ಕೋರ. ಸೆರಗಿನ್ಯಾಗ ಕಟ್ಕೊಳ್ಳೂದು ಕಲೀರಿ” ಅಂದರು.

ಹೋದ ಬೇಸಿಗೆಯಲ್ಲಿ ಚಾಚಾ ಗುತ್ತಲದ ಕಡೆ ಒಂದು ಹೊಲಕ್ಕೆ ಹೋಗಿದ್ದರು. ಮೂರೂ ಫ್ಯೂಸು ಕಿತ್ತು ಕಿಸೆಗೆ ಹಾಕಿ, ಬೋರಿನ ಹತ್ತಿರ ಕುಂತು ಕೇಬಲ್ ಜೋಡಿಸುತ್ತಿದ್ದರು. ಬೋರ್ಡಿದ್ದ ಶೆಡ್ಡಿಗೂ ಬೋರಿಗೂ ನಡುವೆ ಆಳೆತ್ತರದ ಮೆಕ್ಕೆಜೋಳ. ಅಷ್ಟರಲ್ಲಿ ತ್ರೀಫೇಸ್ ಕರೆಂಟು ಬಂತು. ಹೊಲದವನ ತಮ್ಮ ಶೆಡ್ಡಿಗೆ ಬಂದು ನೋಡಿದರೆ ಫ್ಯೂಸಿಲ್ಲ. ಯಾರೋ ಕದ್ದಿದ್ದಾರೆ ಅಂದುಕೊಂಡ. ಚಾಚಾ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ. ಆ ಜಾಗಕ್ಕೆ ಮೂರು ತುಂಡು ತಂತಿ ಸಿಕ್ಕಿಸಿ ಮೋಟಾರು ಚಾಲೂ ಮಾಡುವ ಹಸಿರು ಗುಂಡಿ ಒತ್ತಿದ. ಅವನನ್ನು ಬೈಯೋಣವೆಂದರೆ ನನಗೆ ಬಾಯಿ ಬರುವುದಿಲ್ಲ. ಫ್ಯೂಸಿಲ್ಲದಿದ್ದರೆ ತಂತಿ ಸಿಕ್ಕಿಸುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ನಮ್ಮಪ್ಪನೂ ಮಾಡುತ್ತಿದ್ದ.

ಚಾಚಾನ ಮಣ್ಣು ಮುಗಿದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಆ ಅಂಗಿಯನ್ನು ತಂದು ನನ್ನ ಮಡಿಲಿಗೆ ಇಟ್ಟರು. “ಮೂರೂ ಅದಾವ್ರಿ. ನೀವಾ ಎಣಿಸಿ ನೋಡ್ರಿ, ಅವ್ರು ಒಂದೂ ಬಿಟ್ಟಿಲ್ಲ” ಅಂದರು. ನಾನು ಎಣಿಸಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ರಾಕೆಟ್ಟು ಈಗಲೂ ನಮ್ಮ ಶಾಲೆಯ ಪಡಸಾಲೆಯಲ್ಲಿದೆ. ಯಾರಾದರೂ ತಂತಿ ಮುಟ್ಟುವ ದಿನ ಫ್ಯೂಸು ಕಿತ್ತು ಸೆರಗಿಗೆ ಗಂಟು ಹಾಕುತ್ತೇನೆ. ಅಷ್ಟಕ್ಕೇ ಬಿಡುವುದಿಲ್ಲ, ಬೋರ್ಡಿನ ಮುಂದೆ ಕುರ್ಚಿ ಹಾಕಿ ಕೂರುತ್ತೇನೆ. ಗುತ್ತಲದ ಆ ಶೆಡ್ಡಿನಲ್ಲಿ ಹಾಗೆ ಒಬ್ಬರು ಕೂತಿದ್ದರೆ ಸಾಕಿತ್ತು. ಹೆಡ್‌ಮಾಸ್ತರರು ಪಾಠಕ್ಕೆ ಕರೆದರೂ ಏಳುವುದಿಲ್ಲ. ತಂತಿ ಮುಟ್ಟಿದವನು ಕೆಲಸ ಮುಗಿಸಿ ತಾನೇ ನಡೆದುಬಂದು ನನ್ನ ಮುಂದೆ ನಿಂತ ಮೇಲೆ ಗಂಟು ಬಿಚ್ಚುತ್ತೇನೆ.