ಭಾನುವಾರಕ್ಕೆಂದು ಇಟ್ಟ ಮಾಂಸ

ಶುಕ್ರವಾರ ಬೆಳಿಗ್ಗೆ ಗಂಡ ಹೆಂಡಿರ ನಡುವೆ ಮಾಂಸದ ವಿಷಯಕ್ಕೆ ಜಗಳವಾಯಿತು. ದೊಡ್ಡದೇನಲ್ಲ. ಬಟಾಂಗಾಸಿನ ಆ ಓಣಿಯಲ್ಲಿ ಅವರಿಬ್ಬರ ಜಗಳ ಕೇಳಿಸದ ದಿನವೇ ಕಡಿಮೆ.

ಸೆಂದಾಂಗ್ ಫ್ರಿಜ್ಜಿನಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿದ್ದಳು. ತೆಳ್ಳಗೆ ಸೀಳಿದ ದನದ ಮಾಂಸ ಸೋಯಾ ಸಾಸಿನಲ್ಲಿ ಮುಳುಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬೆಳ್ಳುಳ್ಳಿ, ಕಾಳುಮೆಣಸು, ಕಲಮಾನ್ಸಿ ನಿಂಬೆಯ ಹುಳಿ, ಎಲ್ಲ ಸೇರಿ ಘಾಟು ಮೂಗಿಗೆ ಬಡಿಯಿತು. ಬಾಯಲ್ಲಿ ನೀರೂರಿತು.

"ಮುಚ್ಚು ಅದನ್ನ," ಎಂದ ಗಂಡ ದೆನ್ಸಿಯೋ, ಹಿಂದಿನಿಂದ.

"ನಾಲ್ಕು ತುಂಡು ಹುರ್ಕೋತೀನಿ. ಮೊಟ್ಟೆ ಜೊತೆ."

"ನಿನ್ನೆ ಸಂಜೆ ಕಲಸಿದ್ದು ಕಣೇ. ಇವತ್ತು ತಿಂದ್ರೆ ಬರೀ ಉಪ್ಪು. ತಾಪಾ ಮಾಂಸ ಅಂದ್ರೆ ನೆನೀಬೇಕು. ಭಾನುವಾರ ನಾನೇ ಹುರೀತೀನಿ."

"ಏನು, ಬಿಷಪ್ಪರಿಗೆ ಇಟ್ಟಿದೀಯಾ?"

"ಬಿಷಪ್ ಬಂದ್ರೂ ಭಾನುವಾರವೇ."

ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಒಳಗಿಟ್ಟ. ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ನಕ್ಕ. ಅವಳು ಒಣಮೀನು ಸುಟ್ಟುಕೊಂಡು ತಿಂದಳು. ಅವನಿಗೆ ಒಂದು ಚೂರೂ ಕೊಡಲಿಲ್ಲ.

ಆ ಮನೆಯಲ್ಲಿ ಮಾಂಸ ಅವನದು, ಉಳಿದದ್ದೆಲ್ಲ ಅವಳದು. ಅವನು ಪೇಟೆಯ ಮಾರುಕಟ್ಟೆಯಲ್ಲಿ ಮಾಂಸ ಕಡಿಯುವವನು. ನಡುರಾತ್ರಿ ಕಳೆದ ಮೇಲೆ ಎದ್ದು ಹೋಗಿ, ಬಿಸಿಲು ಏರುವಾಗ ಬರುತ್ತಿದ್ದ. ಒಳ್ಳೆಯ ತುಂಡು ಸಿಕ್ಕರೆ ಮನೆಗೆ ತಂದು ತಾನೇ ಸೀಳಿ, ತಾನೇ ಕಲಸುತ್ತಿದ್ದ. ಅವಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವಳು ಮೇಷ್ಟರ ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಸೋಪಿಗೆ ಬೆರಳ ಸಂದಿ ಬಿರಿದಿರುತ್ತಿತ್ತು. "ಆ ಕೈಗೆ ಕಲಮಾನ್ಸಿ ತಗಲಿದ್ರೆ ಊರೆಲ್ಲ ಕೇಳೋ ಹಾಗೆ ಕಿರುಚ್ತೀಯ," ಎನ್ನುತ್ತಿದ್ದ. ಮಕ್ಕಳಾಗಲಿಲ್ಲ. ಅದಕ್ಕೂ ಜಗಳವಾಡಿದ್ದರು, ಆಮೇಲೆ ಬಿಟ್ಟಿದ್ದರು.

ಶನಿವಾರ ಬೆಳಗಿನ ಜಾವ ಮಾರುಕಟ್ಟೆಯಲ್ಲಿ ದೆನ್ಸಿಯೋ ದನದ ತೊಡೆ ಹೆಗಲ ಮೇಲೆ ಹೊತ್ತು ಬರುತ್ತಿದ್ದಾಗ ಬಿದ್ದ. ಎದೆಬಡಿತ ನಿಂತಿತ್ತು. ಮತ್ತೆ ಏಳಲಿಲ್ಲ.

ಸಂಜೆಗೆ ಶವಪೆಟ್ಟಿಗೆ ಮನೆಯ ನಡುಕೋಣೆಯಲ್ಲಿತ್ತು. ನಾಲ್ಕು ಮೂಲೆಗೆ ದೀಪ. ಹೊರಗೆ ಟಾರ್ಪಾಲು ಕಟ್ಟಿ ಬೆಂಚು ಹಾಕಿದರು. ಮಾರುಕಟ್ಟೆಯ ಗಂಡಸರು ಇಸ್ಪೀಟು ಹಿಡಿದು ಕೂತರು. ಹೆಣ ಇರುವ ಮನೆಯಲ್ಲಿ ರಾತ್ರಿ ಯಾರಾದರೂ ಎಚ್ಚರವಾಗಿರಬೇಕು, ಇಸ್ಪೀಟಿಲ್ಲದೆ ಗಂಡಸರು ಎಚ್ಚರವಾಗಿರುವುದಿಲ್ಲ. ವಿಧವೆ ಮೀಯಬಾರದು, ಗುಡಿಸಬಾರದು, ಒಲೆ ಮುಟ್ಟಬಾರದು. ಆದ್ದರಿಂದ ಅಡುಗೆಮನೆ ದೆನ್ಸಿಯೋನ ಅಕ್ಕ ಲಿಯೊನಿಂಗಳ ಪಾಲಾಯಿತು. ಊರಿಗೇ ಹಿರಿಯಕ್ಕ ಅವಳು, ಎಲ್ಲರೂ ಆತೆ ಎನ್ನುತ್ತಿದ್ದರು. ಸೊಂಟಕ್ಕೆ ಟವೆಲು ಸಿಕ್ಕಿಸಿಕೊಂಡು ಕಾಫಿ ಕಾಯಿಸಿದಳು, ಬಿಸ್ಕತ್ತು ಹಂಚಿದಳು. ಮುದುಕಿಯೊಬ್ಬಳು ಮೊಮ್ಮಗನಿಗೆಂದು ಎರಡು ಬಿಸ್ಕತ್ತು ಚೀಲಕ್ಕೆ ಹಾಕಿಕೊಂಡಾಗ ಅವಳ ಕೈ ಹಿಡಿದಳು.

"ಸಾವಿನ ಮನೆ ತಿಂಡಿ ಮನೆಗೆ ಒಯ್ತೀಯಾ? ನಿಮ್ಮನೇಲೂ ಒಂದು ಪೆಟ್ಟಿಗೆ ಇಡಬೇಕಾ? ಇಲ್ಲೇ ತಿನ್ನು!"

ಮುದುಕಿ ಅಲ್ಲೇ ತಿಂದಳು.

ಭಾನುವಾರ ಬೆಳಿಗ್ಗೆ ಸೆಂದಾಂಗ್ ಪೆಟ್ಟಿಗೆಯ ಪಕ್ಕ ಕೂತಿದ್ದಳು. ಗಾಜಿನ ಕೆಳಗೆ ಅವನ ಮುಖಕ್ಕೆ ಯಾರೋ ಪೌಡರು ಬಳಿದಿದ್ದರು. ಬದುಕಿರುವಾಗ ಒಂದು ದಿನ ಪೌಡರು ಹಾಕಿಕೊಂಡವನಲ್ಲ. ಅದನ್ನೇ ನೋಡುತ್ತಿದ್ದಾಗ ವಾಸನೆ ಬಂತು. ಬೆಳ್ಳುಳ್ಳಿ, ಸೋಯಾ, ಎಣ್ಣೆಯಲ್ಲಿ ಕರಗುವ ಕೊಬ್ಬು.

ಅವಳಿಗೆ ಮೊದಲು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಎದ್ದಳು. ಪಕ್ಕದವರು ಸೆರಗು ಎಳೆದ ಹಾಗೆ ಅವಳ ಅಂಗಿ ಹಿಡಿದೆಳೆದರು. ಬಿಡಿಸಿಕೊಂಡು ಹೋದಳು.

ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಇದರಲ್ಲಿದ್ದದ್ದು ಎಲ್ಲಿ?"

"ಮಾಂಸವಾ? ಹುರಿದು ಹಾಕಿದೆ," ಎಂದಳು ಲಿಯೊನಿಂಗ್, ಸೌಟು ಒರೆಸುತ್ತ. "ಜನ ರಾತ್ರಿಯೆಲ್ಲ ಕೂತಿದಾರೆ. ಬರೀ ಬಿಸ್ಕತ್ತು ಕೊಟ್ಟು ಕಳಿಸ್ಲಾ?"

"ಅದು ಅವನು ಕಲಸಿಟ್ಟದ್ದು, ಆತೆ."

"ಹೌದು. ನನ್ನ ತಮ್ಮ ಕಲಸಿಟ್ಟದ್ದು. ಎಷ್ಟು ಹೊಗಳ್ತಿದಾರೆ, ಹೋಗಿ ಕೇಳು."

ಕೇಳಲು ಹೋಗಬೇಕಾಗಿರಲಿಲ್ಲ. ಹೊರಗಿನಿಂದ ಒಬ್ಬ ಕೂಗಿದ. "ಆತೇ, ಇನ್ನೆರಡು ತುಂಡು! ದೆನ್ಸಿಯೋ ಹೋದ್ರೂ ಅವನ ಕೈರುಚಿ ಹೋಗಿಲ್ಲ ನೋಡ್ರಪ್ಪಾ!" ಎಲ್ಲರೂ ನಕ್ಕರು. ಬಾಯಿ ತುಂಬಿಕೊಂಡೇ ನಕ್ಕರು.

ಸೆಂದಾಂಗ್ ಹೊರಗೆ ಹೋಗಿ ಅವನ ಕೈಯ ತಟ್ಟೆ ಕಿತ್ತುಕೊಂಡಳು. ಅದರಲ್ಲಿ ಸೀದ ಬೆಳ್ಳುಳ್ಳಿಯ ಚೂರು ಮಾತ್ರ ಇತ್ತು. ತಟ್ಟೆಯನ್ನು ಅಂಗಳಕ್ಕೆ ಬೀಸಿ ಒಗೆದಳು. ಕೋಳಿಗಳು ಓಡಿ ಬಂದವು.

"ಪಾಪ, ದುಃಖ," ಎಂದರು ಬೆಂಚಿನವರು, ಇಸ್ಪೀಟೆಲೆ ಕಲೆಸುತ್ತ.

ದುಃಖವಲ್ಲ. ಸಿಟ್ಟು. ಆದರೆ ಗಂಡ ಸತ್ತವಳು ಏನು ಮಾಡಿದರೂ ಜನ ಅದಕ್ಕೆ ದುಃಖ ಎಂದೇ ಹೆಸರಿಡುತ್ತಾರೆ. ಅವಳು ಹೋಗಿ ಮತ್ತೆ ಪೆಟ್ಟಿಗೆಯ ಪಕ್ಕ ಕೂತಳು. ಅವನು ಭೂಮಿಯ ಮೇಲೆ ಕೊನೆಗೆ ಮಾಡಿಟ್ಟ ಕೆಲಸ ಅದು. ಅವಳಿಗೆಂದು ಮಾಡಿಟ್ಟದ್ದು. ಊರವರೆಲ್ಲ ತಿಂದರು, ಅವಳು ತಿನ್ನಲಿಲ್ಲ.

ಮಣ್ಣು ಮಾಡಿದರು. ಒಂಬತ್ತು ದಿನದ ಪ್ರಾರ್ಥನೆ ಲಿಯೊನಿಂಗಳೇ ಹೇಳಿಸಿದಳು. ಸೆಂದಾಂಗ್ ಜಪಮಾಲೆ ಹಿಡಿದು ಹಲ್ಲು ಕಚ್ಚಿಕೊಂಡೇ ಉತ್ತರ ಹೇಳಿದಳು. ಆಮೇಲೆ ಅತ್ತಿಗೆಯ ಜೊತೆ ಮಾತು ಬಿಟ್ಟಳು. ದಾರಿಯಲ್ಲಿ ಎದುರಾದರೆ ಓಣಿಯ ಆ ಬದಿಗೆ ದಾಟಿದಳು.

ಒಂದು ದಿನ ತಾನೇ ಮಾಂಸ ತಂದು ಸೀಳಿ ಕಲಸಿದಳು. ಹುಳಿ ಬೆರಳ ಸಂದಿಗೆ ಇಳಿದು ಉರಿಯಿತು. ಕಿರುಚಲಿಲ್ಲ. ಕಾದು, ಹುರಿದು ಬಾಯಿಗಿಟ್ಟುಕೊಂಡಳು. ಅವನದಲ್ಲ. ಪಕ್ಕದ ಮನೆಯ ನಾಯಿಗೆ ಹಾಕಿದಳು. ನಾಯಿ ಬಾಲ ಅಲ್ಲಾಡಿಸಿಕೊಂಡು ಎಲ್ಲ ತಿಂದು, ಇನ್ನೂ ಬೇಕೆಂದು ಬಾಗಿಲಲ್ಲೇ ಕೂತಿತು. ಅದರ ಮೇಲೂ ಸಿಟ್ಟು ಬಂತು.

ನಲವತ್ತನೆಯ ದಿನ, ಸತ್ತವನು ಮನೆ ಬಿಟ್ಟು ಹೋಗುವ ದಿನ. ನೆಂಟರು ಬರುವ ಮೊದಲೇ ಲಿಯೊನಿಂಗ್ ಹಿಂದಿನ ಬಾಗಿಲಿಗೆ ಬಂದಳು. ಕೈಯಲ್ಲಿ ಪತ್ರಿಕೆ ಸುತ್ತಿದ ಪೊಟ್ಟಣ. ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸೆಂದಾಂಗ್. ಬೈಬೇಡ. ಮೊದಲು ಕೇಳು."

ಸೆಂದಾಂಗ್ ಬಾಗಿಲು ಹಾಕಲಿಲ್ಲ.

"ಆವತ್ತು ಎಲ್ಲಾ ಹುರೀಲಿಲ್ಲ ನಾನು. ಒಂದು ಹಿಡಿ ತೆಗೆದಿಟ್ಟೆ. ಮನೆಗೆ ಒಯ್ದೆ. ನನ್ನ ಫ್ರೀಜರಿನಲ್ಲೇ ಇತ್ತು."

"ಒಯ್ದ್ಯಾ?"

"ಒಯ್ದೆ."

"ಆ ಮುದುಕಿ ಕೈ ಹಿಡಿದು ಬಿಸ್ಕತ್ತು ಇಲ್ಲೇ ತಿನ್ನಿಸಿದವಳು?"

"ಅದಕ್ಕೇ ಕಣೇ! ಅವತ್ತಿಂದ ನಮ್ಮನೆಯವರು ಒಂದು ಸಲ ಕೆಮ್ಮಿದ್ರೂ ನನ್ನ ಜೀವ ಹೋಗಿ ಬರುತ್ತೆ. ತಿನ್ನೋಕೂ ಭಯ, ಎಸೆಯೋಕೂ ಮನಸ್ಸಿಲ್ಲ."

"ಭಯಕ್ಕೆ ತಂದ್ಯಾ, ನನಗೋಸ್ಕರ ತಂದ್ಯಾ?"

ಲಿಯೊನಿಂಗ್ ನೆಲ ನೋಡಿದಳು. "ಎರಡಕ್ಕೂ."

"ನಲವತ್ತು ದಿನ! ನಲವತ್ತು ದಿನ ನಾನು ಖಾಲಿ ಡಬ್ಬಿ ನೋಡ್ಕೊಂಡು ಕೂತಿದ್ದೆ. ನೀನು ನಿನ್ನ ಫ್ರೀಜರಿನಲ್ಲಿ ಬೀಗ ಹಾಕಿ ಇಟ್ಕೊಂಡಿದ್ದೆ. ನನಗೆ ಗಂಡ ಕಣೇ ಅವನು!"

ಮದುವೆಯಾದಂದಿನಿಂದ ನೀವು ಎಂದು ಕರೆದವಳನ್ನು ಆ ದಿನ ನೀನು ಎಂದಳು.

"ನನಗೆ ತಮ್ಮ," ಎಂದಳು ಲಿಯೊನಿಂಗ್. "ಎತ್ತಿ ಆಡಿಸಿದ ತಮ್ಮ."

ಸೆಂದಾಂಗ್ ಪೊಟ್ಟಣ ಕಸಿದುಕೊಂಡಳು. ಹೆಪ್ಪುಗಟ್ಟಿದ್ದನ್ನು ಹಾಗೇ ಬಾಣಲೆಗೆ ಹಾಕಿ ಸ್ವಲ್ಪ ನೀರು ಹೊಯ್ದು ಒಲೆ ಹಚ್ಚಿದಳು. ನೀರು ಕುದ್ದು ಬತ್ತಿತು. ಎಣ್ಣೆ ಬಿಟ್ಟಳು. ಮಾಂಸ ಚಟಪಟಗುಟ್ಟಿ ಅಂಚು ಕಪ್ಪಾಗುತ್ತ ಬಂತು. ಅದೇ ವಾಸನೆ. ಒಲೆಯ ಮುಂದೆ ನಿಂತುಕೊಂಡೇ ಕೈಯಿಂದ ಎತ್ತಿ ತಿಂದಳು. ನಾಲಿಗೆ ಸುಟ್ಟಿತು. ಮೊದಲು ಉಪ್ಪು, ಆಮೇಲೆ ಹುಳಿ, ಎಲ್ಲದರ ಹಿಂದೆ ಒಂಚೂರು ಸಿಹಿ. ಅವನದೇ. ಅನುಮಾನವೇ ಇಲ್ಲ.

"ಶುಕ್ರವಾರವೇ ನಾಲ್ಕು ತುಂಡು ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ!" ಎಂದು ಬಾಣಲೆಗೆ ಕೂಗಿದಳು. "ಭಾನುವಾರವಂತೆ! ಭಾನುವಾರ ನೀನೆಲ್ಲಿದ್ದೆ? ಪೌಡರು ಬಳ್ಕೊಂಡು ಮಲಗಿದ್ದೆ, ಮೋಸಗಾರ!"

ಲಿಯೊನಿಂಗ್ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. "ಒಂದು ತುಂಡು ಕೊಡೇ."

"ನೀನು ಆಗಲೇ ತಿಂದಾಗಿದೆ."

"ತಿಂದಿಲ್ಲ. ಆಣೆಗೂ. ಎಲ್ಲ ಜನರಿಗೇ ಹಾಕಿದೆ."

ಸೆಂದಾಂಗ್ ಅವಳ ಮುಖ ನೋಡಿದಳು. ನಂಬಿದಳು. ನಂಬಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಉಳಿದ ತುಂಡುಗಳನ್ನೂ ತಾನೇ ತಿಂದು ಮುಗಿಸಿದಳು, ಕೊನೆಯದರವರೆಗೆ. ಆಮೇಲೆ ಬಾಣಲೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ತಳ ಇದೆ. ಅನ್ನ ಅಲ್ಲಿದೆ."

ಲಿಯೊನಿಂಗ್ ಕೂತಳು. ಬಿಸಿ ಬಾಣಲೆಗೇ ಅನ್ನ ಹಾಕಿ, ಎಣ್ಣೆ, ಸೀದ ಬೆಳ್ಳುಳ್ಳಿ, ಅಂಟಿದ ಕರಕಲೆಲ್ಲ ಒರೆಸಿ ಒರೆಸಿ ಉಂಡಳು. ಹೊರಗೆ ನೆಂಟರ ಸದ್ದು ಕೇಳಿಸಿದಾಗ ಲಿಯೊನಿಂಗ್ ಎದ್ದು, ಬಾಣಲೆ ತೊಳೆದಿಟ್ಟು, ಕುರ್ಚಿ ಜೋಡಿಸಲು ಹೋದಳು.

ಈಗ ಅವರು ಮಾತಾಡುತ್ತಾರೆ. ಬೇಕಾದಷ್ಟೇ. ಸೆಂದಾಂಗಳ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳಬೇಕೆಂಬ ಆತುರವೂ ಅವಳಿಗಿಲ್ಲ. ರಾತ್ರಿ ಅನ್ನಕ್ಕಿಡುವಾಗ ಕೈ ಇನ್ನೂ ಇಬ್ಬರ ಅಳತೆಯ ಅಕ್ಕಿಯನ್ನೇ ತೆಗೆಯುತ್ತದೆ. ಬೆಳಿಗ್ಗೆ ಎದ್ದ ಕೂಡಲೆ ಉಳಿದ ತಂಗಳನ್ನ ಮುಂದಿಟ್ಟುಕೊಂಡು, ಬೆರಳು ಒದ್ದೆ ಮಾಡಿ, ಹುರಿಯುವುದಕ್ಕೆ ಅದರ ಹೆಂಟೆಗಳನ್ನು ಒಡೆಯುತ್ತಾಳೆ. ಒಂದು ಹೆಂಟೆ ಒಡೆದು ಲಿಯೊನಿಂಗಳನ್ನು ಬೈಯುತ್ತಾಳೆ. ಇನ್ನೊಂದು ಒಡೆದು ಇಸ್ಪೀಟಿನವರನ್ನು. ಮಿಕ್ಕದ್ದೆಲ್ಲ ಒಡೆಯುತ್ತ, ಅನ್ನ ಅಗುಳು ಅಗುಳಾಗಿ ಬಿಡಿಬಿಡಿಯಾಗುವವರೆಗೆ, ಅವನನ್ನು.