ಅಕ್ಕ ಕೆರೆಗೆ ಇಳಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆಯ ನೀರಿಗೆ ಯಾರೂ ಕಾಲು ಇಡುತ್ತಿರಲಿಲ್ಲ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿಳಿದು, ಕಪ್ಪು ಎರಿ ಮಣ್ಣಿನ ಹೊಲಗಳ ನಡುವೆ ಒಂದು ತಾಸು ನಡೆದರೆ ನಮ್ಮೂರು. ಬಾವಿ ತೋಡಿದಲ್ಲೆಲ್ಲ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಕುಡಿದರೆ ನಾಲಿಗೆಗೆ ಉಪ್ಪು ಹತ್ತುತ್ತಿತ್ತು. ಮಳೆ ನೀರು ನಿಲ್ಲುವ ಆ ಕೆರೆಯೊಂದೇ ಊರಿಗೆಲ್ಲ ಕುಡಿಯುವ ನೀರು. ಚಪ್ಪಲಿಯನ್ನು ಏರಿಯ ಆಚೆಗೇ ಬಿಟ್ಟು, ಪಾವಟಿಗೆಯ ಮೇಲೆ ಕುಳಿತು, ಬಗ್ಗಿ ಕೊಡ ತುಂಬಿಕೊಳ್ಳಬೇಕಿತ್ತು. ಯಾರಾದರೂ ನೀರಿಗೆ ಇಳಿದರೆ ದಂಡವಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅವರು ಇಪ್ಪತ್ತೊಂದು ಬುಟ್ಟಿ ಹೂಳು ಹೊತ್ತು ಏರಿಗೆ ಹಾಕಬೇಕು. ಊರವರು ನಿಂತು ನೋಡುತ್ತಿದ್ದರು. ಬುಟ್ಟಿಯ ಭಾರಕ್ಕಿಂತ ಆ ನೋಟದ ಭಾರವೇ ಹೆಚ್ಚು ಎಂದು ಅವ್ವ ಹೇಳುತ್ತಿದ್ದಳು.

ಕೆರೆ ಕಾಯುವ ಕೆಲಸ ನಮ್ಮ ಅಪ್ಪನದು. ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಜೋಳದಲ್ಲಿ ನಮ್ಮ ವರ್ಷ ಕಳೆಯುತ್ತಿತ್ತು. ನಮಗೆ ಹೊಲವಿರಲಿಲ್ಲ. ಆ ಕೆಲಸ ಹೋದರೆ ಏನು ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಚಳಿ ಬಿದ್ದಿತೆಂದರೆ ಕೆರೆಗೆ ದೂರದೇಶದ ಹಕ್ಕಿಗಳು ಬರುತ್ತಿದ್ದವು. ತಲೆಯ ಮೇಲೆ ಕಪ್ಪು ಪಟ್ಟೆ ಇರುವ ದೊಡ್ಡ ಬಾತುಗಳು ನೀರಿನ ನಡುವೆ ಗುಂಪಾಗಿ ಕೂರುತ್ತಿದ್ದವು. ದಂಡೆಯ ಕೆಸರಿನಲ್ಲಿ ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ ಹಕ್ಕಿಗಳು ಬಾಲ ಕುಣಿಸುತ್ತ ಓಡಾಡುತ್ತಿದ್ದವು. ಅವಕ್ಕೆ ನಮ್ಮೂರಲ್ಲಿ ಹೆಸರೇ ಇರಲಿಲ್ಲ. ಉಲ್ಲಂಕಿ ಎಂಬ ಹೆಸರನ್ನು ಹೇಳಿಕೊಟ್ಟವರು ಹಕ್ಕಿ ಮಾಸ್ತರರು.

ಕಾರವಾರದ ಕಡೆಯವರಾದ ಅವರು ಆ ವರ್ಷ ಹಕ್ಕಿ ನೋಡಲು ನಮ್ಮ ಕೆರೆಗೆ ಬಂದಿದ್ದರು. ಸಮುದ್ರದ ದಂಡೆಗೆ ಬರುವ ಹಕ್ಕಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಅಲ್ಲಿಗೆ ಬರುವ ಹಕ್ಕಿಗಳು ದಾರಿಯಲ್ಲಿ ಎಲ್ಲೆಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತವೆ ಎಂದು ತಿಳಿಯಬೇಕು, ಇಂಥ ಕೆರೆಗಳು ಕೆಟ್ಟರೆ ಸಮುದ್ರದ ದಂಡೆಯೂ ಬರಿದಾಗುತ್ತದೆ ಎಂದು ಅಪ್ಪನಿಗೆ ವಿವರಿಸಿದ್ದರು. ಅಪ್ಪನಿಗೆ ಎಷ್ಟು ತಿಳಿಯಿತೋ ಕಾಣೆ, ಕೆರೆ ಕೆಡಬಾರದೆಂಬ ಮಾತು ಮಾತ್ರ ಅವನಿಗೆ ಹಿಡಿಸಿತು.

ಅಕ್ಕನಿಗೆ ಆಗ ಹದಿಮೂರು ವರ್ಷ, ನನಗೆ ಎಂಟು. ಮಾಸ್ತರರು ದುರ್ಬೀನನ್ನು ಮೊದಲು ಅಕ್ಕನ ಕೈಗೆ ಕೊಟ್ಟರು. ಅವಳು ನೋಡಿದ್ದೇ ನೋಡಿದ್ದು. ನನಗೆ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹೋಗುವಾಗ ವಿಳಾಸ ಬರೆದ ಒಂದು ಕಟ್ಟು ಪೋಸ್ಟ್ ಕಾರ್ಡುಗಳನ್ನು ಅಕ್ಕನಿಗೇ ಕೊಟ್ಟು, ವಾರಕ್ಕೊಮ್ಮೆ ಹಕ್ಕಿ ಎಣಿಸಿ ಬರೆಯಲು ಹೇಳಿದರು. ತಾವು ಕೆಲವು ಹಕ್ಕಿಗಳ ಕಾಲಿಗೆ ಅಂಕಿ ಕೊರೆದ ಉಂಗುರ ಹಾಕಿರುವುದಾಗಿಯೂ, ಅಂಥದೊಂದು ಇಲ್ಲಿ ಕಂಡರೆ ತಿಳಿಸಬೇಕೆಂದೂ, ಕೂಡಲೇ ತಾವೇ ಬರುವುದಾಗಿಯೂ ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಉಂಗುರದ ಹಕ್ಕಿಯನ್ನು ನಾನು ಹಿಡಿಯಬೇಕು, ಅವರು ನನಗಾಗಿ ಬರಬೇಕು, ದುರ್ಬೀನು ಮೊದಲು ನನ್ನ ಕೈಗೆ ಬರಬೇಕು.

ಬುರ್ಲಿ ಹಕ್ಕಿ ಹಿಡಿಯುವ ದೊಡ್ಡ ಹುಡುಗರಿಂದ ಕುಣಿಕೆ ಹಾಕುವುದನ್ನು ಕಲಿತಿದ್ದೆ. ಎತ್ತಿನ ಬಾಲದ ಕೂದಲು ಹೊಸೆದು ಕುಣಿಕೆಗಳನ್ನು ಮಾಡಿ, ಒಂದು ಸಣ್ಣ ತೊಗರಿ ಕಟ್ಟಿಗೆಗೆ ಸಾಲಾಗಿ ಕಟ್ಟಿದೆ. ಒಂದು ಸಂಜೆ ಅದನ್ನು ದಂಡೆಯ ಕೆಸರಿನಲ್ಲಿ ಅರ್ಧ ಹೂತು ಬಂದೆ.

ಬೆಳಿಗ್ಗೆ ಅಕ್ಕ ಎಣಿಸಲು ಹೊರಟಾಗ ನಾನೂ ಬೆನ್ನು ಹತ್ತಿದೆ. ಕಡಲೆ ಹೊಲದ ನಡುವಿನ ದಾರಿ. ಕಡಲೆ ಎಲೆಯ ಹುಳಿ ಇಬ್ಬನಿಯಲ್ಲಿ ಬೆರೆತು, ನನ್ನ ಮೊಣಕಾಲಿನ ಗಾಯಕ್ಕೆ ತಾಗಿ ಉರಿಯುತ್ತಿತ್ತು. ಏರಿ ಹತ್ತಿ ನೋಡಿದರೆ ನಾನು ಹೂತಿದ್ದ ಜಾಗದಲ್ಲಿ ಕಟ್ಟಿಗೆಯೇ ಇರಲಿಲ್ಲ.

ಅಕ್ಕನೇ ಮೊದಲು ಕಂಡಳು. ದಂಡೆಯಿಂದ ಇಪ್ಪತ್ತು ಮಾರು ಒಳಗೆ, ನೀರಿನಲ್ಲಿ ನಿಂತ ಜಾಲಿ ಗಿಡಕ್ಕೆ ಆ ಕಟ್ಟಿಗೆ ಸಿಕ್ಕಿಕೊಂಡಿತ್ತು. ಕುಣಿಕೆಗೆ ಬಿದ್ದ ಹಕ್ಕಿ ಅದನ್ನು ಕಿತ್ತು ಎಳೆದುಕೊಂಡೇ ಹಾರಿರಬೇಕು. ಅದರ ಕೆಳಗೆ ಒಂದು ಉಲ್ಲಂಕಿ ಒಂದೇ ಕಾಲಿನಿಂದ ತೂಗುತ್ತಿತ್ತು. ಒಮ್ಮೆ ರೆಕ್ಕೆ ಬಡಿಯುತ್ತಿತ್ತು, ಸುಮ್ಮನಾಗುತ್ತಿತ್ತು. ಸುಮ್ಮನಿರುವ ಹೊತ್ತು ಪ್ರತಿ ಸಲವೂ ಹೆಚ್ಚಾಗುತ್ತಿತ್ತು. ಅದರ ತಲೆ ನೀರಿಗೆ ನಾಲ್ಕು ಬೆರಳು ದೂರವಿತ್ತು.

ಅಕ್ಕ ಕಟ್ಟಿಗೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

"ನೀನ ಹಾಕೀಯೇನು ಇದನ್ನ?"

ನಾನು ಅವಳ ಬೆನ್ನ ಹಿಂದೆ ಸರಿದೆ. ಅವಳು ಮತ್ತೆ ಕೇಳಲಿಲ್ಲ. ಅಪ್ಪನನ್ನು ಕರೆಯೋಣವೆಂದರೆ ಅವನು ಕೆರೆಗೆ ನೀರು ತರುವ ಹಳ್ಳದ ಕಡೆ ಹೋಗಿದ್ದ. ಅವನು ಬರುವವರೆಗೆ ಹಕ್ಕಿ ಉಳಿಯುತ್ತಿರಲಿಲ್ಲ. ಅಕ್ಕ ಪರಕಾರವನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಯಾರಾದರೂ ಬಂದರೆ ಸೀಟಿ ಹೊಡೆಯಲು ನನಗೆ ಹೇಳಿ, ನೀರಿಗೆ ಇಳಿದಳು. ಕೆರೆಗೆ ಇಳಿದ ಮನುಷ್ಯರನ್ನು ನಾನು ನೋಡಿದ್ದು ಅದೇ ಮೊದಲು. ನೀರು ಅವಳ ಮೊಣಕಾಲಿಗೆ ಬಂತು, ನಡುವಿಗೆ ಬಂತು, ಎದೆಗೆ ಬಂತು. ಅಕ್ಕನಿಗೆ ಈಜು ಬರುತ್ತಿರಲಿಲ್ಲ. ಈಜು ಕಲಿಯಲು ನಮ್ಮೂರಲ್ಲಿ ನೀರೆಲ್ಲಿತ್ತು? ನನ್ನ ಬಾಯಿ ಒಣಗಿಹೋಗಿತ್ತು. ಸೀಟಿ ಹೊಡೆಯಬೇಕೆಂದರೂ ಬರುತ್ತಿರಲಿಲ್ಲ.

ನೀರಿಗೆ ಬಂದ ಮುದುಕಿಯೊಬ್ಬಳು ನನ್ನ ಬೆನ್ನ ಹಿಂದೆಯೇ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವಳು ಕೂಗಲಿಲ್ಲ. ಕೊಡ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ಹಿಂದೆ ಬರುತ್ತಿದ್ದವರಿಗೆ ಕೇಳುವ ಹಾಗೆ ಹೇಳಿದಳು:

"ಕೆರಿ ಕಾಯಾಂವನ ಮಗಳ ಕೆರ‍್ಯಾಗ ಇಳದಾಳ ನೋಡ್ರಿ. ಬೇಲಿನ ಎದ್ದು ಹೊಲಾ ಮೇಯಾಕತ್ತೇತಿ."

ಅಕ್ಕ ತಿರುಗಿ ನೋಡಿದಳು, ಆದರೆ ಹಿಂದೆ ಬರಲಿಲ್ಲ. ಹಕ್ಕಿಯನ್ನು ಒಂದು ಕೈಯಲ್ಲಿ ಹಿಡಿದು, ಕುಣಿಕೆಯ ಕೂದಲನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದಳು. ದಂಡೆಗೆ ಬರುವಷ್ಟರಲ್ಲಿ ಏಳೆಂಟು ಜನ ಸೇರಿದ್ದರು. ಅವಳು ಯಾರನ್ನೂ ನೋಡದೆ ನನ್ನ ಬಳಿ ಬಂದು ಕುಕ್ಕರಗಾಲಿನಲ್ಲಿ ಕುಳಿತಳು. ಹಕ್ಕಿಯ ಎದೆ ಅವಳ ಬೆರಳುಗಳ ನಡುವೆ ಜೋರಾಗಿ ಬಡಿಯುತ್ತಿತ್ತು. ಒಂದು ಕಾಲು ಊದಿತ್ತು. ಇನ್ನೊಂದು ಕಾಲಿನಲ್ಲಿ ಉಂಗುರವಿತ್ತು.

ನಾನು ಬಯಸಿದ್ದ ಹಕ್ಕಿಯೇ ಸಿಕ್ಕಿತ್ತು. ನನಗೆ ಅಳು ಬಂತು.

ಬರೆಯಲು ಏನೂ ಇರಲಿಲ್ಲ. ಅಕ್ಕ ಕಣ್ಣು ಕಿರಿದು ಮಾಡಿ ಅಂಕಿಗಳನ್ನು ಒಂದೊಂದಾಗಿ ಓದಿದಳು. "ಬಾಯಾಗ ಅನಕೊಂತ ನಿಂದ್ರು. ಮರೀಬ್ಯಾಡ," ಎಂದಳು. ನಾನು ಅನ್ನುತ್ತ ನಿಂತೆ. ಅವಳು ಹಕ್ಕಿಯನ್ನು ಕೆಸರಿನ ಮೇಲೆ ಬಿಟ್ಟಳು. ಅದು ಹಾರಲಿಲ್ಲ. ಕಾಲು ಮಡಚಿಕೊಂಡು, ಕಣ್ಣು ಅರ್ಧ ಮುಚ್ಚಿ, ಒಂದು ಮಣ್ಣಿನ ಹೆಂಟೆಯ ಹಾಗೆ ಕುಳಿತುಬಿಟ್ಟಿತು.

ಅಷ್ಟರಲ್ಲಿ ಅಪ್ಪ ಬಂದ. ಅಕ್ಕನ ಒದ್ದೆ ಬಟ್ಟೆ ನೋಡಿದ. ಜಾಲಿ ಗಿಡದಲ್ಲಿದ್ದ ಕಟ್ಟಿಗೆ ನೋಡಿದ. ಕುಣಿಕೆ ಹಾಕಿದವರು ಯಾರೆಂದು ಕೇಳಿದ.

"ಗೊತ್ತಿಲ್ಲಪ್ಪ. ನಾ ಬರೂದರಾಗ ಹಕ್ಕಿ ಸಿಕ್ಕಿಬಿದ್ದಿತ್ತು," ಎಂದಳು ಅಕ್ಕ.

ಅಪ್ಪ ನನ್ನ ಕಡೆ ನೋಡಿದ. ನಾನು ಅಂಕಿಗಳನ್ನು ಅನ್ನುತ್ತಿದ್ದೆ. ಬಾಯಿ ತೆರೆದು ಬೇರೆ ಮಾತಾಡಿದರೆ ಅವು ಮರೆತುಹೋಗುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ.

ಹಿರಿಯರು ಬೇವಿನ ಕಟ್ಟೆಯ ಮೇಲೆ ಸೇರಿದರು. ಅಪ್ಪ ಯಾರೂ ಕರೆಯುವ ಮೊದಲೇ ಅಕ್ಕನನ್ನು ಕರೆದುಕೊಂಡು ಹೋಗಿ ನಿಂತ. ಅವ್ವ ಮನೆಯ ಬಾಗಿಲಲ್ಲೇ ಕುಳಿತಳು, ಒಲೆ ಹೊತ್ತಿಸಲಿಲ್ಲ. ನಾನು ಕಟ್ಟೆಯ ಹಿಂದೆ ನಿಂತು ಕೇಳುತ್ತಿದ್ದೆ. ಕಾಯುವವನ ಮನೆಯವರೇ ಇಳಿದರೆ ಊರು ಯಾರ ಮಾತು ಕೇಳಬೇಕೆಂದು ಒಬ್ಬರು ಕೇಳಿದರು. ಕೆಲಸ ಬೇರೆಯವರಿಗೆ ಕೊಡಬೇಕೆಂದು ಇನ್ನೊಬ್ಬರು ಹೇಳಿದರು. ಆ ಹಕ್ಕಿಗಳು ದಿನಾ ಕೆರೆಯಲ್ಲೇ ಇಳಿಯುತ್ತವಲ್ಲ, ಅವಕ್ಕೆಷ್ಟು ಬುಟ್ಟಿ ಎಂದು ಒಬ್ಬ ನಗೆಯಾಡಿದ. ಕೆಲವರು ನಕ್ಕರು. ಅಪ್ಪ ನಗಲಿಲ್ಲ.

ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಅಕ್ಕ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಸ್ವಲ್ಪವೇ. ಕುಣಿಕೆ ಹಾಕಿದವನೂ ಕಾಯುವವನ ಮಗನೇ ಎಂದು ತಿಳಿದರೆ ಅಪ್ಪನ ಕೆಲಸ ಉಳಿಯದೆಂದು ಅವಳಿಗೆ ಗೊತ್ತಿತ್ತು. ನನಗೆ ಅಷ್ಟು ತಿಳಿಯುತ್ತಿರಲಿಲ್ಲ. ನಾನು ಹಿಂದೆ ಸರಿದದ್ದು ಹೆದರಿಕೆಯಿಂದ.

"ಇಪ್ಪತ್ತೊಂದಲ್ಲ, ನಲವತ್ತೆರಡು ಬುಟ್ಟಿ ಅನ್ರಿ," ಎಂದ ಅಪ್ಪ. "ಆಕಿನ ಹೊರತಾಳ. ನನ್ನ ಮಗಳಂತ ಒಂದ ಬುಟ್ಟಿ ಕಡಿಮಿ ಮಾಡಬ್ಯಾಡ್ರಿ."

ಹಿರಿಯರು ಒಪ್ಪಿದರು. ಕೊನೆಗೆ ಕೆಲಸ ಉಳಿಯಿತು. ಆದರೆ ಹೂಳು ಎತ್ತುವ ದಿನದವರೆಗೆ ಅಕ್ಕ ಏರಿ ಹತ್ತಬಾರದು ಎಂದಾಯಿತು.

ನಾನು ಕೆರೆಗೆ ಓಡಿದೆ. ಕೆಸರಿನ ಮೇಲೆ ಹಕ್ಕಿ ಇರಲಿಲ್ಲ. ಹಾರಿಹೋಯಿತೋ, ಹದ್ದು ಒಯ್ದಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಸಂಜೆ ಅಂಕಿಗಳನ್ನು ಕಾರ್ಡಿನ ಮೇಲೆ ಬರೆದೆ. ನಿನ್ನ ಹೆಸರೇ ಹಾಕು, ನನ್ನನ್ನು ಇನ್ನು ಕೆರೆಗೆ ಬಿಡುವುದಿಲ್ಲವಲ್ಲ ಎಂದಳು ಅಕ್ಕ. ಹಾಕಿದೆ. ಆ ಚಳಿಗಾಲವೆಲ್ಲ ಎಣಿಸಿದವನು ನಾನು. ಕಂಡದ್ದನ್ನು ಮನೆಗೆ ಬಂದು ಹೇಳುತ್ತಿದ್ದೆ. ಕೊಕ್ಕು ಹೇಗಿತ್ತು, ಬಾಲ ಕುಣಿಸಿತೇ, ಹಾರುವಾಗ ಬೆನ್ನು ಬಿಳಿ ಕಂಡಿತೇ ಎಂದು ರೊಟ್ಟಿ ಬಡಿಯುತ್ತಲೇ ಕೇಳಿ, ಅದು ಯಾವ ಹಕ್ಕಿ ಎಂದು ಅಕ್ಕ ಹೇಳುತ್ತಿದ್ದಳು. ಮಾಸ್ತರರು ಬಂದರು. ಆ ಉಂಗುರ ಅವರೇ ತಮ್ಮ ಕಡಲ ದಂಡೆಯಲ್ಲಿ ಹಾಕಿದ್ದಂತೆ. ನನ್ನ ಬೆನ್ನು ತಟ್ಟಿ, ದುರ್ಬೀನನ್ನು ಮೊದಲು ನನ್ನ ಕೈಗೆ ಕೊಟ್ಟರು. ಅದರಲ್ಲಿ ಏನು ಕಂಡೆನೋ ನೆನಪಿಲ್ಲ.

ಬೇಸಿಗೆಯಲ್ಲಿ ಅಕ್ಕ ಎರಡು ದಿನ ಹೂಳು ಹೊತ್ತಳು. ನಾನು ತಂಬಿಗೆಯಲ್ಲಿ ನೀರು ಒಯ್ದುಕೊಟ್ಟೆ. ಮುಖದ ಮಣ್ಣು ಒರೆಸಿಕೊಂಡು, "ಏನ್ರಿ ಮಾಸ್ತರ, ನೀರಿಗೆ ಇಷ್ಟು ತಡಾ?" ಎಂದಳು. ಅಂದಿನಿಂದ ನಾನು ಅವಳಿಗೆ ಮಾಸ್ತರನೇ. ಮನೆಯವರು ಅದನ್ನು ಪ್ರೀತಿಯ ಹೆಸರೆಂದುಕೊಂಡರು. ಪ್ರೀತಿಯದೂ ಹೌದು.

ನಾವಿಬ್ಬರೂ ಮುಪ್ಪಾದ ಮೇಲೆ, ಈ ಸಲ ದಸರೆಗೆ ಮೊದಲು ದವಾಖಾನೆಯಲ್ಲಿ ಅವಳು ಕೊನೆಯದಾಗಿ ಕೇಳಿದ್ದು, "ಮಾಸ್ತರ, ಹಕ್ಕಿ ಬಂದಾವೇನು?" ಎಂದು. ಇನ್ನೂ ಬಂದಿಲ್ಲ ಎಂದೆ. ಆಗಲಾದರೂ ಕ್ಷಮೆ ಕೇಳಬಹುದಿತ್ತು. ನರ್ಸ್ ಬಂದರು, ಮಾತು ಅಲ್ಲಿಗೇ ನಿಂತಿತು. ಹಕ್ಕಿಗಳು ಬರುವ ಮೊದಲೇ ಅಕ್ಕ ಹೋದಳು.

ಮೊಮ್ಮಕ್ಕಳೇ, ನೀವಿಬ್ಬರೂ ಈಗ ಅದೇ ಕಾರವಾರದಲ್ಲಿ ಇದ್ದೀರಿ. ನಿಮ್ಮ ಶಾಲೆಯವರು ಭಾನುವಾರ ನಿಮ್ಮನ್ನು ಸಮುದ್ರದ ದಂಡೆಗೆ ಕರೆದೊಯ್ದು ಹಕ್ಕಿ ಎಣಿಸಲು ಕಲಿಸುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ದುರ್ಬೀನು. ಫೋಟೊ ತೆಗೆದರೆ ಹಕ್ಕಿಯ ಹೆಸರನ್ನು ಫೋನೇ ಹೇಳುತ್ತದೆ. ಹಕ್ಕಿಯನ್ನು ನೀವು ಮುಟ್ಟುವುದೇ ಇಲ್ಲ, ಅದು ಒಳ್ಳೆಯದು. ನಮ್ಮೂರಿಗೂ ಈಗ ನಲ್ಲಿ ನೀರು ಬಂದಿದೆ. ಕೆರೆ ಕಾಯುವವರು ಯಾರೂ ಇಲ್ಲ. ಟ್ರ್ಯಾಕ್ಟರನ್ನೇ ನೀರಿಗೆ ಇಳಿಸಿ ತೊಳೆಯುತ್ತಾರೆ, ದಂಡ ಕೇಳುವವರಿಲ್ಲ. ಈ ಚಳಿಯಲ್ಲಿ ಏರಿಯ ಮೇಲೆ ನಿಂತು ಹುಡುಕಿದೆ. ದಂಡೆಯಲ್ಲಿ ಮೂರು ಉಲ್ಲಂಕಿ ಕಂಡವು. ನಿಮ್ಮ ಕಡೆ ಎಷ್ಟು ಬಂದಿವೆ ಎಂದು ಕೇಳಲು ಕಳೆದ ವಾರ ಫೋನು ಮಾಡಿದ್ದು ಅದಕ್ಕೇ.

ಆಗ ನೀವಿಬ್ಬರೂ ಜಗಳವಾಡುತ್ತಿದ್ದಿರಿ. ಹಕ್ಕಿಯನ್ನು ಮೊದಲು ಕಂಡದ್ದು ತಂಗಿ, ಶಾಲೆಯ ಪಟ್ಟಿಯಲ್ಲಿ ಬಿದ್ದದ್ದು ಅಣ್ಣನ ಹೆಸರು. ಅಜ್ಜ, ನೀನೇ ನ್ಯಾಯ ಹೇಳು ಎಂದಿರಿ. ನಾನು ಏನೂ ಹೇಳದೆ ಫೋನು ಇಟ್ಟೆ.

ಈಗ ಹೇಳುತ್ತೇನೆ. ಪಟ್ಟಿಯಲ್ಲಿ ತಂಗಿಯ ಹೆಸರು ಬರೆಸಿರಿ. ತಡವಾಯಿತೆಂದು ಬಿಡಬೇಡಿ, ನಾಳೆಯೇ ನಿಮ್ಮ ಟೀಚರಿಗೆ ಹೇಳಿರಿ. ಮತ್ತು ನಿಮ್ಮ ಊರಿನ ದಂಡೆಯಿಂದ ಉಂಗುರ ತೊಟ್ಟು ಬಂದ ಆ ಹಕ್ಕಿಯನ್ನು ನಮ್ಮ ಕೆರೆಯಲ್ಲಿ ಮೊದಲು ಕಂಡವಳು, ನೀರಿಗೆ ಇಳಿದವಳು, ಅಂಕಿ ಓದಿದವಳು ಅಕ್ಕ. ಕುಣಿಕೆ ಹಾಕಿದವನು ನಾನು.