ಅತ್ತೆಯ ನಿರಾಧಾರ ಪಗಾರ

ಗಡಿಭಾಗದ ನಮ್ಮೂರು ಉಮದಿಯಲ್ಲಿ ನಮ್ಮ ಮನೆಗೆ ಹೊಂದಿಕೊಂಡ ಒಂದು ಖೋಲಿಯಲ್ಲಿ ಅಪ್ಪನ ಅಕ್ಕ ಒಬ್ಬಳೇ ಇದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರವರ ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ತೊಂಬತ್ತರ ದಶಕದ ಕೊನೆಗೆ ಅವಳಿಗೆ, ದಿಕ್ಕಿಲ್ಲದವರಿಗೆ ಸರಕಾರ ತಿಂಗಳಿಗೊಮ್ಮೆ ಕೊಡುವ ನಿರಾಧಾರ ಪಗಾರ ಸಿಗಲೆಂದು ನಾನೇ ಅರ್ಜಿ ಹಾಕಿಸಿದೆ.

ಊರಿನ ಲೆಕ್ಕಪತ್ರ ನೋಡುವ ತಲಾಠಿ ವಿಚಾರಣೆಗೆ ಬರುವ ದಿನ ಎದುರು ಮನೆಯವಳು ಓಡಿಬಂದು, "ಸೂಜಿ ದಾರ ಮುಚ್ಚಿಡ್ರಿ ಅಕ್ಕಾ, ಇವತ್ತೊಂದಿನ ಹಾಸಿಗಿ ಹಿಡದು ಮಲಕೋರಿ," ಎಂದಳು.

"ನನಗ ಯಾವ ಬ್ಯಾನಿ ಬಂದೈತಂತ ಮಲಗ್ಲಿ?" ಎಂದ ಅತ್ತೆ ಹೊಲಿಯುತ್ತಲೇ ಕುಳಿತಳು.

ತಲಾಠಿ ಹೊಸ್ತಿಲಲ್ಲೇ ನಿಂತರು. "ಕೈಯಾಗ ಕೆಲಸ ಐತಿ. ನಿರಾಧಾರ ಹೆಂಗಾಗ್ತೀಬೇ?"

"ಕೆಲಸ ಬಿಟ್ಟು ಉಪಾಸ ಬಿದ್ರ ಕೊಡ್ತೀರೇನ್ರಿ ಸಾಹೇಬ್ರ?" ಎಂದು ನಾನು ಕೇಳಿದೆ. ಅವರು ಕಾಗದದಲ್ಲಿ ಏನೋ ಬರೆದುಕೊಂಡು ಹೊರಟುಹೋದರು. ಅರ್ಜಿ ತಿರಸ್ಕಾರವಾಯಿತು.

ಆ ಸುದ್ದಿ ಬಂದ ಸಂಜೆ ಚಹಾದಂಗಡಿಯಲ್ಲಿ ಒಬ್ಬ ದೊಡ್ಡ ಹೊಲದ ಯಜಮಾನ, "ಪುಕ್ಕಟ ರೊಕ್ಕ ಕೊಟ್ಟು ಸರಕಾರ ಬಡವರನ್ನ ಮೈಗಳ್ಳರನ್ನ ಮಾಡೇತಿ," ಎನ್ನುತ್ತಿದ್ದ. ಅವನ ತಾಯಿಗೆ ಅದೇ ಪಗಾರ ತಪ್ಪದೆ ಬರುತ್ತಿತ್ತು. "ನಿಮ್ಮವ್ವ ಯಾವಾಗ ನಿರಾಧಾರ ಆದ್ಲು?" ಎಂದು ಎಲ್ಲರೆದುರು ಕೇಳಿಯೇಬಿಟ್ಟೆ. ಅಂಗಡಿಯಲ್ಲಿದ್ದವರು ಅವನ ಕಡೆಗೇ ಸರಿದು ಕುಳಿತರು.

ಕೆಲವು ವರ್ಷಗಳಲ್ಲಿ ಅತ್ತೆಯ ದೃಷ್ಟಿ ಪೂರ್ತಿ ಹೋಯಿತು, ಹೊಲಿಗೆ ನಿಂತಿತು. ಮತ್ತೆ ಅರ್ಜಿ ಹಾಕಿದೆವು. ಈ ಸಲ ಒಂದೇ ಭೇಟಿಗೆ ಮಂಜೂರಾಯಿತು. ಓಡಿಹೋಗಿ ಅವಳಿಗೆ ಹೇಳಿದೆ.

"ನನ್ನ ಕಣ್ಣು ಹೋಗೂತನಾ ಕಾದ್ರಲ್ಲೋ ಇವರು," ಎಂದಳು.